ಪುಟ ಇನ್ನೂರ ಹದಿನಾಲ್ಕು

ನದಿಯ ದಂಡೆಯಲ್ಲಿ ಒಬ್ಬ ಗುರುಗಳಿದ್ದರು. ಅವರಿಗೆ ಪಿಂಚಣಿ ಬರುತ್ತಿತ್ತು.

ಹೆಸರು ವಾಮದೇವಪ್ಪ. ಮೂವತ್ತು ವರ್ಷಕ್ಕೂ ಮೇಲೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಸಿದ್ಧಾಂತಗಳನ್ನು ಪಾಠ ಹೇಳಿ, ನಿವೃತ್ತರಾದ ಮೇಲೆ ಹೊಳೆಯ ಪಕ್ಕದ ಒಂದು ಆಶ್ರಮದಲ್ಲಿ ಎರಡು ಕೋಣೆ ಹಿಡಿದಿದ್ದರು. ವೈರಾಗ್ಯ ಬಂದಿತ್ತೆಂದಲ್ಲ. ಅಲ್ಲಿ ಊಟ ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದರು.

ಅವರ ಕೈಕೆಳಗೆ ಹದಿನಾಲ್ಕು ಮಂದಿ ಶಿಷ್ಯರು ಪಿಎಚ್‌ಡಿ ಮುಗಿಸಿ ಹೋಗಿದ್ದರು. ಹದಿನೈದನೆಯವಳು ಹುಲಿಗೆಮ್ಮ. ಅವಳು ಏಳು ವರ್ಷದಿಂದ ಹೋಗದೆ ಉಳಿದಿದ್ದಳು.

ಒಂದು ಮಂಗಳವಾರ ಮಧ್ಯಾಹ್ನ ಅವಳು ಬಸ್ಸಿಳಿದು, ಪ್ರಬಂಧದ ಕಟ್ಟನ್ನು ಎದೆಗೆ ಅವುಚಿಕೊಂಡು ಆಶ್ರಮದ ಗೇಟು ದಾಟಿದಳು. ಶುಕ್ರವಾರ ಸಲ್ಲಿಸಲು ಕೊನೆಯ ದಿನ. ಅದು ದಾಟಿದರೆ ನೋಂದಣಿ ರದ್ದು, ಏಳು ವರ್ಷ ರದ್ದು. ಸಲ್ಲಿಸಬೇಕಾದರೆ ಗುರುಗಳ ಸಹಿ ಬೇಕು.

ಗುರುಗಳು ಜಗಲಿಯ ಮೇಲೆ ಕೂತು ಅಡುಗೆಮನೆಗೆಂದು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಆಶ್ರಮದಲ್ಲಿ ಎಲ್ಲರಿಗೂ ಒಂದು ಸೇವೆ ಹಚ್ಚುತ್ತಾರೆ. ಇವರಿಗೆ ಏನು ಬರುತ್ತದೆ ಎಂದು ಕೇಳಿದಾಗ "ಸಿದ್ಧಾಂತ" ಅಂದಿದ್ದರಂತೆ. ಬೆಳ್ಳುಳ್ಳಿ ಕೊಟ್ಟಿದ್ದರು.

"ಮುಗೀತಾ?"

"ಮುಗೀತು ಸರ್. ಒಂದು ಅಡಿಟಿಪ್ಪಣಿ ಬಿಟ್ಟು."

"ಏಳು ವರ್ಷಕ್ಕೆ ಒಂದೇ ಅಡಿಟಿಪ್ಪಣಿ ಉಳಿದಿದ್ದರೆ ಮುಗಿದ ಹಾಗೇ. ಕೂತುಕೋ. ಮಜ್ಜಿಗೆ ಕುಡಿತೀಯಾ?"

"ಆಮೇಲೆ ಕುಡೀತೀನಿ ಸರ್."

ಅವಳು ಕೂತಳು. ಬೆನ್ನು ಗೋಡೆಗೆ ತಾಗಿದ್ದೇ ತಡ, ಕಣ್ಣು ಮುಚ್ಚಿ ಹೋಗುವಷ್ಟು ದಣಿವಿತ್ತು. ಬೆಳಿಗ್ಗೆ ಕಾಲೇಜಿನಲ್ಲಿ ಎರಡು ತಾಸು ಎಂ.ಎ. ಹುಡುಗರಿಗೆ ಸಿದ್ಧಾಂತವನ್ನೇ ಪಾಠ ಹೇಳಿ ಬಂದಿದ್ದಳು. ಅವಳು ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷದಿಂದ ಅತಿಥಿ.

ಸಿದ್ಧಾಂತದ ಪತ್ರಿಕೆ ಎರಡು ಭಾಗದಲ್ಲಿರುತ್ತದೆ. ಶಾಸ್ತ್ರೀಯ ಮತ್ತು ಆಧುನಿಕ. ಶಾಸ್ತ್ರೀಯದವರಿಗೆ ಗಡ್ಡವಿದೆ, ಆಧುನಿಕದವರಿಗೆ ಕನ್ನಡಕವಿದೆ. ಹುಡುಗರು ಅವರನ್ನು ಹಾಗೆಯೇ ಗುರುತಿಟ್ಟುಕೊಂಡು ಪಾಸಾಗುತ್ತಾರೆ.

ವಾಮದೇವಪ್ಪನವರ ಪರಂಪರೆಯಲ್ಲಿ ಒಂದು ಪದ್ಧತಿಯಿತ್ತು. ಯಾವ ಶಿಷ್ಯನ ಪ್ರಬಂಧವೇ ಇರಲಿ, ಎರಡನೆಯ ಅಧ್ಯಾಯ 'ಸೈದ್ಧಾಂತಿಕ ಚೌಕಟ್ಟು'. ಅದು ಒಂದೇ ವಾಕ್ಯದಿಂದ ಶುರುವಾಗಬೇಕು. ಯಾರೂ ನಿಯಮ ಮಾಡಿರಲಿಲ್ಲ. ಪೂಜೆಗೆ ಮೊದಲು ಗಣಪತಿಯನ್ನು ಇಡುವ ಹಾಗೆ ಇಡುತ್ತಿದ್ದರು.

ಆ ವಾಕ್ಯ ಹೀಗಿತ್ತು: 'ಸಮಾಜದಲ್ಲಿ ಯಾರಿಗೂ ತಮ್ಮದೆಂಬ ಜಾಗವಿಲ್ಲ, ಎದುರಿಗೆ ಕೂತವರ ಭಾರವೇ ಅವರನ್ನು ಅಲ್ಲಿ ಕೂರಿಸಿರುತ್ತದೆ.'

ಕೆಳಗೆ ಅಡಿಟಿಪ್ಪಣಿ ಒಂದು. ಅದರಲ್ಲಿ ಒಬ್ಬ ಜರ್ಮನ್ ಪಂಡಿತರ ಹೆಸರು, ಅವರ ದಪ್ಪ ಪುಸ್ತಕದ ಹೆಸರು, ಪುಟ ೨೧೪. ಪಂಡಿತರಿಗೆ ಗಡ್ಡವಿತ್ತು.

"ಯಾವ ಅಡಿಟಿಪ್ಪಣಿ ಉಳಿದಿದೆ?" ಗುರುಗಳು ಕೇಳಿದರು.

"ಮೊದಲನೇದು ಸರ್."

ಗುರುಗಳ ಕೈ ಒಂದು ಕ್ಷಣ ನಿಂತಿತು. ಮತ್ತೆ ಸಿಪ್ಪೆ ಬಿಡಿಸತೊಡಗಿದರು.

"ಅದಕ್ಕೇನಾಗಿದೆ?"

"ಇನ್ನೂರ ಹದಿನಾಲ್ಕನೇ ಪುಟದಲ್ಲಿ ಆ ಮಾತು ಇಲ್ಲ."

"ಪುಸ್ತಕ ಸಿಕ್ಕಿತಾ?"

"ನಾಲ್ಕು ವರ್ಷ ಪತ್ರ ಬರೆದ ಮೇಲೆ ಲೈಬ್ರರಿಯವರು ತರಿಸಿದರು. ಆ ಪುಟದಲ್ಲಿ ಉಪ್ಪಿನ ಸುಂಕದ ವಿಷಯ ಇದೆ ಸರ್."

"ಬೇರೆ ಮುದ್ರಣ ಇರಬಹುದು."

"ಮೂರು ಮುದ್ರಣ ನೋಡಿದೆ. ಒಂದರಲ್ಲಿ ಆ ಪುಟ ಖಾಲಿ. ಆಮೇಲೆ ಇಡೀ ಪುಸ್ತಕ ಓದಿದೆ. ಎರಡು ಸಲ."

"ಎರಡು ಸಲವಾ?" ಗುರುಗಳ ದನಿಯಲ್ಲಿ ನಿಜವಾದ ಅನುಕಂಪವಿತ್ತು. "ನಾನು ಒಂದು ಸಲವೂ ಪೂರ್ತಿ ಓದಿಲ್ಲ."

ಗುರುಗಳು ಹೊಳೆಯ ಕಡೆ ಕೈ ತೋರಿಸಿದರು.

"ಅಲ್ಲಿ ನೋಡು. ನಿನ್ನೆ ಹರಿದ ನೀರು ಇವತ್ತು ಅಲ್ಲಿದೆಯಾ?"

"ಹೊಳೆಗೆ ಪುಟಸಂಖ್ಯೆ ಇಲ್ಲ ಸರ್. ಪುಸ್ತಕಕ್ಕಿದೆ."

ಗುರುಗಳು ಒಂದು ಬೆಳ್ಳುಳ್ಳಿ ಗಡ್ಡೆ ತೆಗೆದು ಅವಳ ಕೈಗಿಟ್ಟರು.

"ಬಿಡಿಸು."

ಅವಳು ಬಿಡಿಸಿದಳು.

"ಒಳಗೆ ಏನು ಸಿಕ್ಕಿತು?"

"ಬೆಳ್ಳುಳ್ಳಿ."

"ಇನ್ನೂ ಒಳಗೆ ನೋಡು."

"ಸರ್," ಅವಳು ಎಸಳನ್ನು ಬುಟ್ಟಿಗೆ ಹಾಕಿದಳು. "ಇದು ಉತ್ತರವಾ, ಇಲ್ಲಾ ಉತ್ತರ ಇಲ್ಲದಾಗ ಹೇಳೋದಾ?"

ಗುರುಗಳು ತಲೆ ಎತ್ತಿದರು. "ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಎಲ್ಲರೂ ಬರೆದುಕೊಳ್ತಿದ್ದರು."

"ನಾನೂ ಬರೆದುಕೊಂಡೋಳೇ ಸರ್. ಏಳು ನೋಟ್‌ಬುಕ್ ಆಗಿವೆ."

ಅಡುಗೆಮನೆಯಿಂದ ಯಾರೋ ಬಂದು ಮಜ್ಜಿಗೆಯ ಲೋಟವಿಟ್ಟು, ಬಿಡಿಸಿದಷ್ಟು ಬೆಳ್ಳುಳ್ಳಿ ತೆಗೆದುಕೊಂಡು ಹೋದರು. ಗುರುಗಳಿಗೆ ಕೈಯಲ್ಲಿ ಹಿಡಿಯಲು ಏನೂ ಉಳಿಯಲಿಲ್ಲ.

ಹುಲಿಗೆಮ್ಮ ಚೀಲದಿಂದ ಒಂದು ಹಾಳೆ ತೆಗೆದಳು. "ಹಿಂದಕ್ಕೆ ಹುಡುಕುತ್ತಾ ಹೋದೆ. ಹದಿನಾಲ್ಕನೇಯವರು ಹದಿಮೂರನೇಯವರಿಂದ ತಗೊಂಡಿದ್ದಾರೆ. ಅವರು ಹನ್ನೆರಡನೇಯವರಿಂದ. ಮೊದಲನೇಯವರು ನಿಮ್ಮಿಂದ. ನೀವು ಈ ಪುಸ್ತಕದಿಂದ ಅಂತ ಬರೆದಿದ್ದೀರಿ. ಅಲ್ಲಿಗೆ ದಾರಿ ನಿಂತುಹೋಗಿದೆ."

"ಹದಿನಾಲ್ಕು ಪ್ರಬಂಧವನ್ನೂ ಓದಿದೆಯಾ?"

"ಎರಡನೇ ಅಧ್ಯಾಯ ಮಾತ್ರ. ಎಲ್ಲ ಒಂದೇ ಥರ ಇದ್ದವು, ಬೇಗ ಆಯ್ತು."

ಗುರುಗಳು ನಕ್ಕರು.

"ಒಂದು ಕೆಲಸ ಮಾಡು ಹುಲಿಗೆಮ್ಮ. ಶುಕ್ರವಾರ ಕೊನೇ ದಿನ. ಹದಿನಾಲ್ಕು ಜನರ ಥರ ನೀನೂ ಅದನ್ನ ಇದ್ದ ಹಾಗೇ ಬಿಟ್ಟುಬಿಡು. ಸಹಿ ಹಾಕ್ತೀನಿ, ಮಜ್ಜಿಗೆ ಕುಡಿದು ನಾಲ್ಕರ ಬಸ್ಸಿಗೆ ಹೋಗು."

ಆ ಮಾತು ಕಿವಿಗೆ ಬೀಳಬಾರದು ಎಂದುಕೊಂಡು ಅವಳು ಬಂದಿದ್ದಳು. ಏಕೆಂದರೆ ಅದು ಒಳ್ಳೆಯ ಸಲಹೆಯಾಗಿತ್ತು. ಸಹಿ ತೆಗೆದುಕೊಂಡರೆ ನಾಳೆ ಬೈಂಡಿಂಗ್, ನಾಡಿದ್ದು ಕಚೇರಿ, ಶುಕ್ರವಾರ ಮನೆಯಲ್ಲಿ ಹೊದ್ದು ಮಲಗಬಹುದು. ಏಳು ವರ್ಷದಲ್ಲಿ ಅವಳು ಹೊದ್ದು ಮಲಗಿದ ಒಂದು ಮಧ್ಯಾಹ್ನ ನೆನಪಿರಲಿಲ್ಲ.

ಅವಳು ಮಜ್ಜಿಗೆಯ ಲೋಟ ಎತ್ತಿಕೊಂಡು ಅರ್ಧ ಕುಡಿದಳು.

"ಆಗಲ್ಲ ಸರ್."

"ಹಾಗಾದರೆ ಆ ವಾಕ್ಯ ತೆಗೆದುಹಾಕು."

"ಅದೂ ಆಗಲ್ಲ. ನಾನು ಐದು ಗ್ರಾಮಸಭೆಯಲ್ಲಿ ಮೂರು ವರ್ಷ ಕೂತು ನೋಡಿದ್ದೀನಿ. ಹೆಂಗಸರು ಕಂಬದ ಹಿಂದೆ ಯಾಕೆ ಕೂರ್ತಾರೆ ಅಂತ ನೋಡ್ತಾ ಇದ್ದೆ. ಕಂಬದ ಹಿಂದೆ ನೋಡಿದರೆ ಗೊತ್ತಾಗೋದಿಲ್ಲ ಸರ್, ಮುಂದೆ ಕುರ್ಚಿ ಮೇಲೆ ಯಾರು ಕೂತಿದ್ದಾರೆ ನೋಡಬೇಕು. ಒಂದು ದಿನ ಆ ಕುರ್ಚಿಯವರು ಮದುವೆಗೆ ಅಂತ ಹೋಗಿದ್ದರು. ಹೆಂಗಸರು ಮುಂದೆ ಬಂದು ಕೂತರು. ಯಾರೂ ಕರೆದಿರಲಿಲ್ಲ. ನನ್ನ ನಾಲ್ಕನೇ ಅಧ್ಯಾಯದಿಂದ ಏಳನೇ ಅಧ್ಯಾಯದವರೆಗೆ ಎಲ್ಲಾ ಆ ವಾಕ್ಯದ ಮೇಲೇ ನಿಂತಿವೆ. ಅದು ನಿಜ ಸರ್. ಅದು ಯಾರದು ಅಂತ ಮಾತ್ರ ಗೊತ್ತಿಲ್ಲ."

ಗುರುಗಳು ಎದ್ದರು. ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಂದರು.

"ಬಾ."

"ಎಲ್ಲಿಗೆ?"

"ಕಟ್ಟೆಗೆ. ಕಾಗದ ತಗೋ."

ಹೊಳೆಗೆ ಇಳಿಯುವ ದಾರಿಯಲ್ಲಿ ಇಬ್ಬರೂ ನಿಧಾನವಾಗಿ ನಡೆದರು. ಗುರುಗಳಿಗೆ ಮೊಣಕಾಲು ನೋವು, ಶಿಷ್ಯೆಗೆ ನಾನೂರು ಪುಟದ ಭಾರ.

"ನಾನು ನಿನ್ನ ಹಾಗೇ ಸಂಶೋಧನೆ ಮಾಡ್ತಿದ್ದೆ," ಗುರುಗಳು ಹೇಳಿದರು. "ನಲವತ್ತೆರಡು ವರ್ಷ ಆಯಿತು. ನನ್ನ ಊರು ಹೊಳೆಯ ಆಚೆ. ಊರು ಅಂದರೆ, ನಾನು ಅಧ್ಯಯನಕ್ಕೆ ಆರಿಸಿಕೊಂಡ ಊರು. ಆಗ ಸೇತುವೆ ಇರಲಿಲ್ಲ. ದಿನಾ ಹರಿಗೋಲಲ್ಲಿ ಹೋಗಬೇಕಿತ್ತು. ಬುಟ್ಟಿ ಥರ ದುಂಡಗಿರ್ತದಲ್ಲ, ಅದರಲ್ಲಿ ಮುಂದೆ ಹಿಂದೆ ಅಂತ ಇರೋದಿಲ್ಲ. ನಾನು ಹೋಗಿ ಒಂದು ಕಡೆ ಕೂತರೆ ಅಂಬಿಗ ಎಬ್ಬಿಸಿ ಇನ್ನೊಂದು ಕಡೆ ಕೂರಿಸ್ತಿದ್ದ. ಮಾರನೇ ದಿನ ಮತ್ತೊಂದು ಕಡೆ. ಒಂದು ದಿನ ಸಿಟ್ಟು ಬಂತು. ನನ್ನ ಜಾಗ ಯಾವುದು ಅಂತ ಒಂದು ಸಲ ಹೇಳಿಬಿಡಪ್ಪ ಅಂದೆ."

"ಏನಂದರು?"

"ನಿನ್ನ ಜಾಗ ಅಂತ ಇಲ್ಲಿ ಯಾವುದೂ ಇಲ್ಲ ತಮ್ಮಾ, ಎದುರಿಗೆ ಕುಂತವರ ಭಾರ ನಿನ್ನ ಕುಂದ್ರಸ್ತದ, ಅಂದ."

ಹುಲಿಗೆಮ್ಮ ನಿಂತಳು. ಗುರುಗಳು ನಿಲ್ಲಲಿಲ್ಲ; ಇಳಿಜಾರಿನಲ್ಲಿ ನಿಂತರೆ ಮತ್ತೆ ನಡೆಯುವುದು ಅವರಿಗೆ ಕಷ್ಟ.

"ಮಾಸ್ತರಿಕೆಯ ಕನ್ನಡಕ್ಕೆ ತಿರುಗಿಸಿ ಎರಡನೇ ಅಧ್ಯಾಯದಲ್ಲಿ ಬರೆದೆ. ಕೆಳಗೆ 'ಅಂಬಿಗರೊಬ್ಬರ ಮಾತು' ಅಂತ ಹಾಕಿದ್ದೆ. ನಮ್ಮ ಗುರುಗಳು ಓದಿದರು. ಇದು ಎರಡನೇ ಅಧ್ಯಾಯಕ್ಕೆ ಬರೋದಿಲ್ಲ, ನಾಲ್ಕಕ್ಕೆ ಹಾಕು ಅಂದರು. ಯಾಕೆ ಸರ್ ಅಂದೆ. ಅಂಬಿಗ ಹೇಳಿದ್ದು ಮಾಹಿತಿ, ಸಿದ್ಧಾಂತ ಅಲ್ಲ ಅಂದರು."

"ನೀವೇನಂದಿರಿ?"

"ಹೂಂ ಸರ್ ಅಂದೆ. ಮಾರನೇ ದಿನ ಜರ್ಮನ್ ಪಂಡಿತರ ಹೆಸರು ಹಾಕಿ ಅದೇ ಹಾಳೆ ಕೊಟ್ಟೆ. ಬಹಳ ಗಂಭೀರವಾದ ಮಾತು ಅಂತ ಅಂಚಿನಲ್ಲಿ ಬರೆದರು."

"ಇನ್ನೂರ ಹದಿನಾಲ್ಕು?"

"ನನ್ನ ಹಾಸ್ಟೆಲ್ ಕೋಣೆಯ ನಂಬರು."

ಅವಳಿಗೆ ನಗು ಬರಬೇಕಾಗಿತ್ತು. ಉಪ್ಪಿನ ಸುಂಕದ ಪುಟ ನೆನಪಾಗಿ ಬರಲಿಲ್ಲ.

"ಯಾರೂ ತೆಗೆದು ನೋಡಲಿಲ್ಲವಾ ಸರ್?"

"ಮೊದಲ ವರ್ಷ ಯಾರಾದರೂ ನೋಡಿಬಿಟ್ಟರೆ ಅಂತ ಹೆದರಿಕೆ ಇತ್ತು. ಹತ್ತು ವರ್ಷ ಆದ ಮೇಲೆ ಯಾರಾದರೂ ನೋಡಬಾರದಾ ಅನ್ನಿಸ್ತಿತ್ತು. ಆಮೇಲೆ ಅದೂ ಹೋಯಿತು."

"ನೀವೇ ಹೇಳಬಹುದಿತ್ತು."

"ಹೇಳಬಹುದಿತ್ತು."

ಕಟ್ಟೆಯಲ್ಲಿ ಒಂದೇ ಹರಿಗೋಲು ಇತ್ತು. ಅದರ ಮಾಲೀಕ ಯಂಕೋಬ, ಮೂವತ್ತರ ಆಸುಪಾಸಿನವನು, ಅದರೊಳಗೇ ಮಲಗಿ ಮೊಬೈಲ್ ನೋಡುತ್ತಿದ್ದ. ಇವರನ್ನು ಕಂಡು ಎದ್ದ.

"ಎರಡು ಸುತ್ತು ಹೊಡಸಲೇನ್ರಿ?"

"ಆಚೆ ದಂಡೆಗೆ ಬಿಡಪ್ಪಾ," ಗುರುಗಳು ಅಂದರು.

"ಆಚೆ ಹೋಗಾವ್ರು ಸೇತುವಿ ಮ್ಯಾಲೆ ಹೋಗ್ತಾರ್ರೀ ಅಜ್ಜಾರ. ಇದರಾಗ ಬರಾವ್ರು ಫೋಟೊಕ್ಕ ಬರ್ತಾರ."

"ನಾವು ಅಡಿಟಿಪ್ಪಣಿಗೆ ಬಂದಿದ್ದೇವೆ," ಹುಲಿಗೆಮ್ಮ ಅಂದಳು.

"ಅದೇನೋ ನಮಗ ಗೊತ್ತಿಲ್ಲ. ಹತ್ರಿ."

ಗುರುಗಳು ಹತ್ತಿ ಕೂತರು. ಅವಳು ಅವರ ಪಕ್ಕದಲ್ಲಿ ಪ್ರಬಂಧದ ಕಟ್ಟನ್ನಿಟ್ಟು, ತಾನೂ ಅಲ್ಲೇ ಕೂರಹೋದಳು. ಹರಿಗೋಲು ಒಂದು ಮಗ್ಗುಲಿಗೆ ವಾಲಿತು.

"ಅಕ್ಕಾರ, ನೀವು ಈ ಕಡೆ ಬರ್ರಿ. ಅಜ್ಜಾರು ಸ್ವಲ್ಪ ತೂಕದ ಮನುಷ್ಯಾರದಾರ. ಆ ಗಂಟು ನಿಮ್ಮ ಕಡೆನೇ ಇಟ್ಕೊರಿ."

ಅವಳು ಎದುರಿಗೆ ಬಂದು ಕೂತಳು. ಹರಿಗೋಲು ಸಮವಾಯಿತು. ಯಂಕೋಬ ಹುಟ್ಟು ಹಾಕಿದ.

ಅವಳು ಹಾಳೆ ತೆಗೆದು ಅವನಿಗೆ ಆ ವಾಕ್ಯವನ್ನು ಓದಿ ಹೇಳಿದಳು.

"ಇದನ್ನ ಯಾರಾದರೂ ಹೇಳಿದ್ದು ಕೇಳಿದ್ದೀಯೇನಣ್ಣ?"

"ಇದನ್ನ ಹೇಳಬೇಕೇನ್ರಿ? ಕುಂತರ ಗೊತ್ತಾಗ್ತದಲ್ಲ."

"ನಲವತ್ತೆರಡು ವರ್ಷದ ಹಿಂದೆ ಈ ಕಟ್ಟೆಯಲ್ಲಿ ಹರಿಗೋಲು ಹಾಕ್ತಿದ್ದ ಒಬ್ಬರು ಇವರಿಗೆ ಹೇಳಿದ್ದರು. ಯಾರಿರಬಹುದು?"

"ನಮ್ಮವು ಒಂಬತ್ತು ಮನಿ ಇದ್ವು. ಪಾಳಿ ಮ್ಯಾಲೆ ಹಾಕ್ತಿದ್ರು. ನಮ್ಮಜ್ಜ ಇದ್ದ, ದೊಡ್ಡಪ್ಪ ಇದ್ದ, ಕೆಳಗಿನ ಓಣಿಯಾವ್ರು ಇದ್ರು. ಹೆಸರು ಹೇಳ್ರಿ, ಯಾರ ಮನಿ ಅಂತ ಹೇಳ್ತೀನಿ."

ಹುಲಿಗೆಮ್ಮ ಪೆನ್ನು ತೆಗೆದು ಗುರುಗಳ ಕಡೆ ನೋಡಿದಳು. ಅವಳಿಗೆ ಒಮ್ಮೆಲೇ ಹಗುರವಾಗಿತ್ತು. ಹೆಸರೊಂದು ಸಿಕ್ಕರೆ ಮುಗಿಯಿತು. ನಾಲ್ಕರ ಬಸ್ಸು ತಪ್ಪಿದರೂ ಐದೂವರೆಯದು ಇದೆ.

ಗುರುಗಳು ನೀರು ನೋಡುತ್ತಿದ್ದರು.

"ಮೀಸೆ ಇತ್ತು," ಅಂದರು.

"ಎಲ್ಲಾರಿಗೂ ಇತ್ತು," ಯಂಕೋಬ ಅಂದ.

"ತಲೆಗೆ ಕೆಂಪು ರುಮಾಲು."

"ಅದೂ ಎಲ್ಲಾರಿಗೂ ಇತ್ತು ಬಿಡ್ರಿ. ಹೆಸರೇನ್ರಿ?"

ಹುಟ್ಟು ನೀರಿಗೆ ಬೀಳುವ ಸದ್ದು ನಾಲ್ಕೈದು ಸಲ ಕೇಳಿತು.

"ಎಷ್ಟು ದಿನ ಅವರ ಜೊತೆ ಹೋಗಿದ್ದೀರಿ ಸರ್?" ಹುಲಿಗೆಮ್ಮ ಕೇಳಿದಳು.

"ಎರಡು ವರ್ಷ. ದಿನಕ್ಕೆ ಎರಡು ಸಲ."

ಯಂಕೋಬ ಇಬ್ಬರನ್ನೂ ನೋಡಿ, ಹುಟ್ಟನ್ನು ಇನ್ನೊಂದು ಕೈಗೆ ತೆಗೆದುಕೊಂಡ.

ಹುಲಿಗೆಮ್ಮ ಪೆನ್ನಿನ ಕ್ಯಾಪು ಹಾಕಿದಳು. ಅವಳಿಗೆ ಸಿಟ್ಟು ಬರಬೇಕಾಗಿತ್ತು. ಅದಕ್ಕೆ ಬೇಕಾದ ಶಕ್ತಿ ಬಸ್ಸಿನಲ್ಲೇ ಖರ್ಚಾಗಿತ್ತು. ಆಮೇಲೆ, ಸ್ವಲ್ಪ ತಡವಾಗಿ, ತನ್ನ ಐದನೇ ಅಧ್ಯಾಯ ನೆನಪಾಯಿತು.

ಗುರುಗಳಿಗೂ ಅದೇ ನೆನಪಾಗಿರಬೇಕು.

"ನಿನ್ನ ಗ್ರಾಮಸಭೆಯ ಹೆಂಗಸರನ್ನ ಪ್ರಬಂಧದಲ್ಲಿ ಏನಂತ ಕರೆದಿದ್ದೀಯ?"

"ಉತ್ತರದಾತೆ ಒಂದು, ಉತ್ತರದಾತೆ ಎರಡು. ಅರವತ್ತರವರೆಗೆ. ಹೆಸರು ಹಾಕಬಾರದು ಅಂತ ನಿಯಮ ಇದೆ ಸರ್. ಕುರ್ಚಿಯವರಿಂದ ಅವರಿಗೆ ತೊಂದರೆ ಆಗಬಾರದು ಅಂತ."

"ನಿಯಮ ಸರಿ ಇದೆ. ಹದಿನೇಳನೇಯವರು ಯಾರು?"

"ದುರುಗವ್ವ. ಕಂಬಕ್ಕೆ ಒರಗಿ ಕೂರ್ತಾರೆ. ಸೊಂಟ ನೋವು."

"ನಲವತ್ತು?"

"ಖಾಜಾಬಿ. ಮುಂದೆ ಬಂದು ಕೂತವರಲ್ಲಿ ಮೊದಲನೇಯವರು. ಆಮೇಲೆ ನನ್ನ ಹತ್ತಿರ ಬಂದು, ನಾನು ಕೂತಿದ್ದನ್ನ ಬರಕೊಂಡೆಯೇನವ್ವಾ ಅಂತ ಕೇಳಿದ್ದರು."

"ಬರೆದುಕೊಂಡಿದ್ದೆಯಾ?"

"ಹೂಂ ಸರ್."

ಗುರುಗಳು ತಲೆಯಾಡಿಸಿದರು. ಕೈ ಚಾಚಿ ಪ್ರಬಂಧದ ಕಟ್ಟನ್ನು ಕೇಳಿದರು. ಅವಳು ಕೊಡಲು ಬಗ್ಗಿದಾಗ ಹರಿಗೋಲು ಮತ್ತೆ ವಾಲಿತು.

"ಒಬ್ಬೊಬ್ಬರೇ ಅಲ್ಲಾಡ್ರಿ," ಯಂಕೋಬ ಗದರಿಸಿದ. "ಓದಿದವ್ರು ಇಬ್ರೂ ಒಂದೇ ಕಡೆ ಬಾಗ್ತೀರಿ."

ಗುರುಗಳು ಮೊದಲ ಹಾಳೆ ತೆಗೆದರು. ಅದು ಮಾರ್ಗದರ್ಶಕರ ದೃಢೀಕರಣ ಪತ್ರ. 'ಇದರಲ್ಲಿ ಬಳಸಿದ ಎಲ್ಲ ಆಕರಗಳನ್ನು ಸರಿಯಾಗಿ ಸೂಚಿಸಲಾಗಿದೆ' ಎಂದು ಅದರಲ್ಲಿ ಅಚ್ಚಾಗಿತ್ತು.

"ಇದಕ್ಕೆ ಹದಿನಾಲ್ಕು ಸಲ ಸಹಿ ಹಾಕಿದ್ದೀನಿ," ಅಂದರು. "ಓದ್ತಾ ಇರೋದು ಇದೇ ಮೊದಲು."

ಸಹಿ ಹಾಕಲಿಲ್ಲ. ಎರಡನೇ ಅಧ್ಯಾಯ ತೆಗೆದು, ಮೊದಲ ಪುಟದ ಕೆಳಗೆ ಜರ್ಮನ್ ಪಂಡಿತರ ಹೆಸರನ್ನು ಒಂದೇ ಗೆರೆಯಲ್ಲಿ ಹೊಡೆದರು. ಪುಸ್ತಕದ ಹೆಸರನ್ನೂ ಹೊಡೆದರು. ಇನ್ನೂರ ಹದಿನಾಲ್ಕರ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು. ಅದನ್ನೂ ಹೊಡೆದರು.

"ಹೊರಗಿನ ಪರೀಕ್ಷಕರು ಪಂಪಣ್ಣನವರು ಸರ್," ಹುಲಿಗೆಮ್ಮ ಮೆಲ್ಲಗೆ ನೆನಪಿಸಿದಳು. ಪಂಪಣ್ಣ ಮೂರನೆಯ ಶಿಷ್ಯ. ಆ ಒಂದು ವಾಕ್ಯದ ಮೇಲೆ ಜರ್ಮನ್ ಪಂಡಿತರನ್ನು ಹೊಗಳಿ ಇನ್ನೂರೈವತ್ತು ಪುಟ ಬರೆದು ಪ್ರೊಫೆಸರ್ ಆದವನು. "ವೈವಾದಲ್ಲಿ ಬಿಡೋದಿಲ್ಲ. ಇದೇನು, ಪಂಡಿತರನ್ನೇ ತೆಗೆದಿದ್ದೀಯಲ್ಲ ಅಂತಾರೆ."

"ಅನ್ನಲಿ. ಆವತ್ತು ನಾನೂ ಬರ್ತೀನಿ."

"ನೀವು ಬಂದು ಏನು ಹೇಳ್ತೀರಿ?"

"ಇಷ್ಟು ದಿನ ಹೇಳದೇ ಇದ್ದದ್ದನ್ನ."

"ನಿಮ್ಮ ಮೇಲೆ ಬರೋದಿಲ್ಲವಾ ಸರ್? ಹದಿನಾಲ್ಕು ಜನ..."

"ಬರ್ತದೆ."

ಅದನ್ನು ಅವರು ಮಳೆ ಬರುತ್ತದೆ ಎನ್ನುವ ಹಾಗೆ ಹೇಳಿದರು. ಆಮೇಲೆ ದೃಢೀಕರಣ ಪತ್ರವನ್ನು ತೊಡೆಯ ಮೇಲಿಟ್ಟುಕೊಂಡು ಸಹಿ ಹಾಕಿದರು. ಹರಿಗೋಲು ತಿರುಗುತ್ತಿದ್ದುದರಿಂದ ಸಹಿ ಸ್ವಲ್ಪ ಸೊಟ್ಟಗಾಯಿತು. ಕಚೇರಿಯವರು ತಕರಾರು ಮಾಡುವಷ್ಟು ಸೊಟ್ಟಗಾಗಿರಲಿಲ್ಲ.

ಹಾಳೆಗಳನ್ನು ಅವಳಿಗೆ ಕೊಟ್ಟರು. ಈ ಸಲ ಅವರೊಬ್ಬರೇ ಬಗ್ಗಿದರು.

ಹುಲಿಗೆಮ್ಮ ಎರಡನೇ ಅಧ್ಯಾಯದ ಮೊದಲ ಪುಟ ನೋಡಿದಳು. ಮೇಲೆ ವಾಕ್ಯ ಇದ್ದ ಹಾಗೇ ಇತ್ತು. ಅದರ ತುದಿಯಲ್ಲಿ ಒಂದು ಎಂಬ ಸಣ್ಣ ಅಂಕಿ. ಕೆಳಗೆ ಅದೇ ಅಂಕಿ, ಮುಂದೆ ಹೊಡೆದು ಹಾಕಿದ ಗೆರೆಗಳು.

"ಹೆಸರಿಲ್ಲದೆ ಇದನ್ನ ಖಾಲಿ ಬಿಡೋ ಹಾಗಿಲ್ಲ ಸರ್," ಅವಳು ಅಂದಳು. "ಅಡಿಟಿಪ್ಪಣಿ ಅಂದ ಮೇಲೆ ಏನಾದರೂ ಬರೀಬೇಕು."

"ಬರಿ," ಗುರುಗಳು ಅಂದರು. "ಹೇಳಿದವರಿಗೆ ಒಂದು ಹೆಸರಿತ್ತು. ಎರಡು ವರ್ಷ ಎದುರಿಗೆ ಕೂತಿದ್ದವನು ಅದನ್ನು ವಿಚಾರಿಸಲಿಲ್ಲ."